ಯುವಶಕ್ತಿ ಬೇಕು, ಯುವಕರು ಬೇಡ!

ಪ್ರತಿವರ್ಷ ಜನವರಿ 12 ಬಂತೆಂದರೆ ನಮ್ಮ ಕಾಲೇಜುಗಳಲ್ಲಿ ಒಂದು ನೋಟ ತಪ್ಪದೆ ಕಾಣಸಿಗುತ್ತದೆ. ರಾಷ್ಟ್ರೀಯ ಯುವ ದಿನಾಚರಣೆ. ವೇದಿಕೆಯ ಮೇಲೆ ಏಳೆಂಟು ಕುರ್ಚಿ. ಅವುಗಳಲ್ಲಿ ಕುಳಿತವರೆಲ್ಲ ಐವತ್ತು ದಾಟಿದವರು. ಶಾಮಿಯಾನದ ಸೆಕೆಯಲ್ಲಿ ಬೆವರುತ್ತಾ ಕೆಳಗೆ ಕುಳಿತವರು ಹದಿನೆಂಟರಿಂದ ಇಪ್ಪತ್ತೆರಡರ ಹುಡುಗ ಹುಡುಗಿಯರು. ಕುರ್ಚಿ ಜೋಡಿಸಿದವರು, ಹೂವಿನ ತಟ್ಟೆ ಹಿಡಿದವರು, ಪ್ರಾರ್ಥನೆ ಹಾಡಿದವರು ಅವರೇ. ಮಾತನಾಡಲು ಮಾತ್ರ ಅವರ ಪಾಲಿಗೆ ಉಳಿಯುವುದು ವಂದನಾರ್ಪಣೆಯ ಎರಡು ನಿಮಿಷ. ‘ನೀವೇ ದೇಶದ ಭವಿಷ್ಯ’ ಎಂದು ಅತಿಥಿಗಳು ಹೇಳುತ್ತಾರೆ. ಚಪ್ಪಾಳೆ ಬೀಳುತ್ತದೆ. ರಾಷ್ಟ್ರಗೀತೆ ಮುಗಿಯುತ್ತಲೇ ದೇಶದ ಭವಿಷ್ಯ ನಾಲ್ಕು ಗಂಟೆಯ ಬಸ್ಸು ಹಿಡಿಯಲು ಓಡುತ್ತದೆ.

ಇಂತಹ ವೇದಿಕೆಗಳಲ್ಲಿ ನಾವೂ ಕುಳಿತಿದ್ದೇವೆ, ಅದೇ ಮಾತನ್ನು ನಾವೂ ಆಡಿದ್ದೇವೆ. ಆದ್ದರಿಂದ ಇಲ್ಲಿ ಹೇಳುತ್ತಿರುವುದನ್ನು ಹೊರಗೆ ನಿಂತು ಹೇಳುತ್ತಿಲ್ಲ.

ಮೊದಲ ತಕರಾರು ‘ಯುವಶಕ್ತಿ’ ಎಂಬ ಪದದ ಬಗ್ಗೆಯೇ ಇದೆ. ಜಲಶಕ್ತಿ, ವಿದ್ಯುಚ್ಛಕ್ತಿ ಎಂದ ಹಾಗೆ ಇದೂ ಒಂದು ಶಕ್ತಿ. ಶಕ್ತಿಯನ್ನು ಅಳೆಯುತ್ತಾರೆ, ಬಳಸುತ್ತಾರೆ, ಪೋಲಾಗುತ್ತಿದೆ ಎಂದು ಮರುಗುತ್ತಾರೆ. ಅದರ ಅಭಿಪ್ರಾಯ ಕೇಳುವುದಿಲ್ಲ. ಲಿಂಗನಮಕ್ಕಿಯ ನೀರನ್ನು ಯಾವ ಟರ್ಬೈನಿಗೆ ಹರಿಸಬೇಕೆಂದು ನೀರನ್ನೇ ಕೇಳಿದವರುಂಟೇ? ನಮ್ಮ ಅಭಿವೃದ್ಧಿ ಯೋಜನೆಗಳಲ್ಲಿ ಯುವಕರ ಸ್ಥಾನ ಹೆಚ್ಚುಕಡಿಮೆ ಆ ನೀರಿನದೇ. 1950ರಲ್ಲಿ ಯೋಜನಾ ಆಯೋಗ ಬಂತು, 2015ರಲ್ಲಿ ಅದು ಹೋಗಿ ನೀತಿ ಆಯೋಗ ಬಂತು. 1988ರಲ್ಲಿ ಮೊದಲ ರಾಷ್ಟ್ರೀಯ ಯುವನೀತಿ, ಆಮೇಲೆ 2003ರಲ್ಲಿ ಒಂದು, 2014ರಲ್ಲಿ ಇನ್ನೊಂದು. ಕಾಗದ ಬದಲಾಯಿತು. ಯುವಕರಿಗಾಗಿ ಯೋಜನೆ ಮಾಡುವವರು ಯುವಕರಲ್ಲ ಎಂಬುದು ಮಾತ್ರ ಬದಲಾಗಲಿಲ್ಲ.

ದೂರ ಹೋಗುವುದು ಬೇಡ, ನಮ್ಮ ರಾಜ್ಯದ ಪದವಿ ತರಗತಿಯನ್ನೇ ನೋಡೋಣ. 2021ರಲ್ಲಿ ಕರ್ನಾಟಕ ಸರ್ಕಾರ ಇಡೀ ದೇಶದಲ್ಲಿ ತಾನೇ ಮೊದಲು ಎಂಬ ಹೆಮ್ಮೆಯಿಂದ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದಿತು. ಮೂರು ವರ್ಷದ ಪದವಿ ನಾಲ್ಕು ವರ್ಷದ ಆನರ್ಸ್ ಆಯಿತು. 2023ರಲ್ಲಿ ಸರ್ಕಾರ ಬದಲಾಯಿತು. ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಬಂತು. 2024ರ ಮೇ ತಿಂಗಳ ಆದೇಶದಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ನಡುವೆ ಮೂರು ಬ್ಯಾಚುಗಳ ವಿದ್ಯಾರ್ಥಿಗಳು ಒಂದು ಪಠ್ಯಕ್ರಮಕ್ಕೆ ಸೇರಿ, ತಮ್ಮ ಹಿಂದೆಯೇ ಅದರ ಬಾಗಿಲು ಮುಚ್ಚುವುದನ್ನು ಕಂಡರು.

ನಾಲ್ಕು ವರ್ಷ ಸರಿಯೋ ಮೂರು ವರ್ಷ ಸರಿಯೋ ಎಂಬ ಚರ್ಚೆ ನಮಗೆ ಇಲ್ಲಿ ಬೇಡ. ಎರಡೂ ಕಡೆಯ ವಾದಗಳಲ್ಲಿ ಹುರುಳಿದೆ. ಆದರೆ ಕೂಲಿ ಮಾಡುವ ತಂದೆಯ ಮಗಳಿಗೆ ನಾಲ್ಕನೆಯ ವರ್ಷ ಎಂದರೇನು, ಮನೆಯಲ್ಲಿ ಮದುವೆಯ ಮಾತು ಎಷ್ಟನೆಯ ಸೆಮಿಸ್ಟರಿನಲ್ಲಿ ಎದ್ದೇಳುತ್ತದೆ, ಬಸ್ ಪಾಸಿಗೆ ಇನ್ನೊಂದು ವರ್ಷದ ದುಡ್ಡು ಎಲ್ಲಿಂದ ಬರಬೇಕು - ಇದನ್ನು ತಿಳಿಯಲು ಆಯೋಗಕ್ಕಿಂತ ತರಗತಿಯ ಹಿಂದಿನ ಬೆಂಚು ಒಳ್ಳೆಯ ಜಾಗ. ಜಾರಿಗೆ ತಂದವರೂ ಅಲ್ಲಿ ಹೋಗಿ ಕೂರಲಿಲ್ಲ, ಕಿತ್ತವರೂ ಕೂರಲಿಲ್ಲ. ವಿದ್ಯಾರ್ಥಿ ಸಂಘಟನೆಗಳು ಮನವಿ ಸಲ್ಲಿಸಬಹುದಿತ್ತಲ್ಲ ಎನ್ನುವವರಿದ್ದಾರೆ. ಮನವಿ ಹಿಡಿದು ಬಾಗಿಲಲ್ಲಿ ನಿಲ್ಲುವುದು ಬೇರೆ, ನಿರ್ಧರಿಸುವವರ ಸಾಲಿನಲ್ಲಿ ಕೂರುವುದು ಬೇರೆ.

ಹಾಗೆ ಕೂರಲು ಕಳುಹಿಸುವುದಾದರೂ ಯಾರನ್ನು? ಸಂವಿಧಾನದ 61ನೇ ತಿದ್ದುಪಡಿಯ ಮೂಲಕ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಎಂಬತ್ತರ ದಶಕದ ಕೊನೆಯಲ್ಲಿ, ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ಚುನಾವಣೆ ನಿಂತುಹೋಯಿತು. ದೇಶದ ಪ್ರಧಾನಿಯನ್ನು ಆರಿಸಲು ಯೋಗ್ಯನಾದವನು ತನ್ನ ಹಾಸ್ಟೆಲಿನ ಊಟದ ಬಗ್ಗೆ ಮಾತಾಡುವ ಪ್ರತಿನಿಧಿಯನ್ನು ಆರಿಸಲು ಅಯೋಗ್ಯನಾದ! ಹೊಡೆದಾಟ, ದುಡ್ಡು, ರಾಜಕೀಯ ಪಕ್ಷಗಳ ಕೈವಾಡ ಎಂದು ಕಾರಣ ಕೊಟ್ಟರು. ಇವೆಲ್ಲ ಇದ್ದವು, ಅಲ್ಲಗಳೆಯುವುದಿಲ್ಲ. ಆದರೆ ಇದೇ ಕಾರಣಕ್ಕೆ ಚುನಾವಣೆ ನಿಲ್ಲಿಸುವುದಾದರೆ ವಿಧಾನಸಭೆಯದನ್ನು ಎಂದೋ ನಿಲ್ಲಿಸಬೇಕಿತ್ತು. ಲಿಂಗ್ಡೋ ಸಮಿತಿ 2006ರಲ್ಲೇ ಖರ್ಚಿಗೆ ಮಿತಿ, ಹಾಜರಾತಿಯ ಷರತ್ತು ಎಲ್ಲವನ್ನೂ ಬರೆದುಕೊಟ್ಟಿತ್ತು. ಪಕ್ಕದ ಕೇರಳದಲ್ಲಿ ಕಾಲೇಜು ಚುನಾವಣೆಗಳು ನಡೆಯುತ್ತಾ ಬಂದವು. 2020ರಲ್ಲಿ ತಿರುವನಂತಪುರದಲ್ಲಿ 21 ವರ್ಷದ ವಿದ್ಯಾರ್ಥಿನಿಯೊಬ್ಬರು ಮೇಯರ್ ಆದಾಗ ನಾವು ಪತ್ರಿಕೆಯಲ್ಲಿ ಓದಿ ಬೆರಗಾದೆವು, ಅಷ್ಟೇ.

ಕೇಳುವ ಜಾಗವಿಲ್ಲದಿದ್ದಾಗ ಉಳಿಯುವುದು ಬೀದಿ. 2022ರ ಜೂನ್ 14ರಂದು ಅಗ್ನಿಪಥ ಯೋಜನೆ ಪ್ರಕಟವಾಯಿತು. ಹದಿನೇಳೂವರೆಯಿಂದ 21ರ ವಯಸ್ಸಿನವರ ಬದುಕಿನ ನಾಲ್ಕು ವರ್ಷಗಳ ಬಗ್ಗೆ ತೆಗೆದುಕೊಂಡ ನಿರ್ಧಾರ ಅದು. ಬಿಹಾರದಲ್ಲಿ ರೈಲುಗಳಿಗೆ ಬೆಂಕಿ ಬಿದ್ದ ಮೇಲೆ, ಕೆಲವೇ ದಿನಗಳಲ್ಲಿ, ಆ ವರ್ಷದ ಮಟ್ಟಿಗೆ ವಯೋಮಿತಿ 23ಕ್ಕೆ ಏರಿತು. ರೈಲು ಸುಟ್ಟವರನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಸುಮ್ಮನೆ ಕುಳಿತವರಿಗೆ ಸಿಗದ ಎರಡು ವರ್ಷ ಬೆಂಕಿಯ ನಂತರ ಸಿಕ್ಕಿತು ಎಂಬ ಪಾಠವನ್ನು ಆ ಹುಡುಗರಿಗೆ ಕಲಿಸಿದ್ದು ಯಾರು?

ಇನ್ನು ಗ್ರಾಮಸಭೆ. ಅಲ್ಲಿ ಹದಿನೆಂಟು ತುಂಬಿದ ಪ್ರತಿಯೊಬ್ಬ ಮತದಾರನೂ ಸದಸ್ಯ. ಕಾಯಿದೆಯ ಪ್ರಕಾರ ಊರಿನ ಅಭಿವೃದ್ಧಿ ಯೋಜನೆ ಹುಟ್ಟಬೇಕಾದದ್ದು ಅಲ್ಲೇ. ಎರಡು ಮೂರು ವರ್ಷಗಳ ಹಿಂದೆ ಕರಾವಳಿಯ ಒಂದು ಪಂಚಾಯಿತಿಯ ಗ್ರಾಮಸಭೆಗೆ ಹೋಗಿದ್ದೆವು. ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ. ಆ ಹೊತ್ತಿಗೆ ಓದುವವರು ಕಾಲೇಜಿನಲ್ಲಿ, ದುಡಿಯುವವರು ಅಂಗಡಿ, ಗ್ಯಾರೇಜು, ಬೋಟಿನಲ್ಲಿ. ಬಂದವರಲ್ಲಿ ಬಹುಪಾಲು ಪಿಂಚಣಿಯ ಅರ್ಜಿ ಹಿಡಿದ ಹಿರಿಯರು, ಸ್ವಸಹಾಯ ಸಂಘದಿಂದ ಕಳುಹಿಸಿದ ಹೆಣ್ಣುಮಕ್ಕಳು. ಕಾಮಗಾರಿಗಳ ಪಟ್ಟಿ ಮೊದಲೇ ಟೈಪಾಗಿ ಬಂದಿತ್ತು. ಡಿಪ್ಲೊಮಾ ಮುಗಿಸಿದ ಒಬ್ಬ ಹುಡುಗ ಎದ್ದುನಿಂತು, “ಈ ಮೋರಿ ಮೂರು ವರ್ಷದಿಂದ ಪಟ್ಟಿಯಲ್ಲಿ ಉಂಟಲ್ಲ ಸರ್, ಕಟ್ಟಿದ್ದೆಲ್ಲಿ?” ಎಂದು ಕೇಳಿದ. ವೇದಿಕೆಯಿಂದ ಬಂದ ಉತ್ತರ: “ನೀನು ಯಾರ ಮಗ?” ಸಭೆ ನಕ್ಕಿತು. ಹುಡುಗ ತಂದೆಯ ಹೆಸರು ಹೇಳಿ ಕುಳಿತುಬಿಟ್ಟ. ನಮ್ಮ ಪಕ್ಕದಲ್ಲಿದ್ದ ಒಬ್ಬರು ‘ಒಳ್ಳೆ ಮನೆತನದ ಹುಡುಗ, ಯಾಕೆ ಬೇಕಿತ್ತು ಇವನಿಗೆ’ ಎಂದರು. ನಾವೂ ಏನೂ ಹೇಳಲಿಲ್ಲ.

ಇದೇ ಕರಾವಳಿಯಲ್ಲಿ ಬೇರೆ ಬಗೆಯ ಪ್ರಯೋಗವೂ ನಡೆದಿದೆ. 1990ರಲ್ಲಿ ದುಡಿಯುವ ಮಕ್ಕಳೇ ಸೇರಿ ಭೀಮ ಸಂಘ ಕಟ್ಟಿಕೊಂಡರು. ಮುಂದೆ ಆಗಿನ ಕುಂದಾಪುರ ತಾಲ್ಲೂಕಿನ ಕೆರಾಡಿ, ಆಲೂರು, ಉಪ್ಪುಂದ ಮೊದಲಾದ ಊರುಗಳಲ್ಲಿ ಮಕ್ಕಳ ಪಂಚಾಯಿತಿಗಳು ರೂಪುಗೊಂಡವು. ಮಕ್ಕಳು ತಮ್ಮ ವಾರ್ಡಿನ ನಕ್ಷೆ ಬರೆದರು. ಶಾಲೆಯ ದಾರಿ, ಸೌದೆಯ ಕೊರತೆ, ಹಳ್ಳಕ್ಕೆ ಅಡ್ಡವಾಗಿ ಹಾಕಿದ ಕಾಲುಸಂಕ, ಇವನ್ನೆಲ್ಲ ಎಣಿಸಿ ಲೆಕ್ಕ ಮಾಡಿ ಹಿರಿಯರ ಪಂಚಾಯಿತಿಯ ಮುಂದಿಟ್ಟರು. ‘ರಸ್ತೆ ಬೇಕು’ ಎಂದು ಬಾಯಿಮಾತಿನಲ್ಲಿ ಹೇಳುವ ಹಿರಿಯರಿಗೂ, ಎಲ್ಲಿ, ಯಾರಿಗೆ, ಯಾವ ತಿಂಗಳಲ್ಲಿ ಎಂದು ಲೆಕ್ಕ ಕೊಟ್ಟು ಕೇಳುವ ಮಕ್ಕಳಿಗೂ ವ್ಯತ್ಯಾಸವಿತ್ತು. 2006ರಲ್ಲಿ ರಾಜ್ಯ ಸರ್ಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸುತ್ತೋಲೆ ಹೊರಡಿಸಿತು. ಆದರೆ ಕೇಳಿದ ಮೇಲೆ ಮಾಡಬೇಕಲ್ಲ! 2022ರ ಮಳೆಗಾಲದಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳು ಶಾಲೆಯಿಂದ ಬರುವಾಗ ಕಾಲುಸಂಕದಿಂದ ಜಾರಿ ನೀರುಪಾಲಾದಳು. ಅದಾದ ಮೇಲೆ ಅಧಿಕಾರಿಗಳು ಕಾಲುಸಂಕಗಳ ಪಟ್ಟಿ ಮಾಡಲು ಹೊರಟರು. ಕಾಲುಸಂಕದ ಮಾತನ್ನು ಆ ಕಡೆಯ ಮಕ್ಕಳು ಅದಕ್ಕೂ ಎಷ್ಟೋ ವರ್ಷ ಮೊದಲೇ ಎತ್ತಿದ್ದರು.

ಹದಿನೆಂಟರವರೆಗೆ ಮಕ್ಕಳ ಗ್ರಾಮಸಭೆ ಎಂದು ಹೆಸರಿಗಾದರೂ ಒಂದು ಜಾಗವಿದೆ. ಹದಿನೆಂಟಾದ ಕೂಡಲೇ ಅದೂ ಹೋಗುತ್ತದೆ. ಮೂವತ್ತೈದು ನಲವತ್ತಾಗಿ, ಮದುವೆಯಾಗಿ, ಊರಿನಲ್ಲಿ ನಾಲ್ಕು ಜನರ ಬಾಯಲ್ಲಿ ‘ಗಣ್ಯ’ ಎನಿಸಿಕೊಳ್ಳುವವರೆಗೆ ಅವರ ಮಾತಿಗೆ ಕಿವಿಯಿಲ್ಲ. ದೇವಸ್ಥಾನದ ಸಮಿತಿ, ಮಸೀದಿಯ ಜಮಾಅತ್, ಹಾಲಿನ ಸೊಸೈಟಿ ಎಲ್ಲೆಡೆಯೂ ಇದೇ ಪಾಡು. ಬ್ಯಾನರ್ ಕಟ್ಟಲು ಹುಡುಗರು, ಲೆಕ್ಕಪುಸ್ತಕ ಹಿಡಿಯಲು ನಾವು!

‘ಅವರಿಗೇನು ಗೊತ್ತು?’ ಎಂಬ ಪ್ರಶ್ನೆ ಹೊಸದಲ್ಲ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ 1983ರ ಕಾಯಿದೆ ತಂದು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ನಿಜವಾದ ಅಧಿಕಾರ ಕೊಡಲು ಹೊರಟಾಗ, ಮಹಿಳೆಯರಿಗೆ ಶೇ. 25 ಸ್ಥಾನ ಎಂದಾಗ, ಇದೇ ಪ್ರಶ್ನೆ ಎದ್ದಿತ್ತು. ಹಳ್ಳಿಯವರಿಗೇನು ಗೊತ್ತು? ಹೆಂಗಸರಿಗೇನು ಗೊತ್ತು? 1987ರಲ್ಲಿ ಚುನಾವಣೆ ನಡೆಯಿತು. ಊರೂರಿಗೆ ಕೊಳವೆಬಾವಿ ತಲುಪಿಸಿ ‘ನೀರ್ ಸಾಬ್’ ಎಂದು ಹೆಸರಾದ ಅವರು ಮರುವರ್ಷವೇ ತೀರಿಕೊಂಡರು. ಆದರೆ ಅವರು ತೆರೆದ ಬಾಗಿಲು ಮುಚ್ಚಲಿಲ್ಲ. 2010ರಲ್ಲಿ ರಾಜ್ಯದ ಪಂಚಾಯಿತಿಗಳಲ್ಲಿ ಮಹಿಳೆಯರ ಪಾಲು ಅರ್ಧಕ್ಕೇರಿತು. ಗೊತ್ತಿದ್ದವರಿಗೆ ಅಧಿಕಾರ ಕೊಡುವುದಲ್ಲ, ಅಧಿಕಾರ ಕೊಟ್ಟ ಮೇಲೆ ಗೊತ್ತಾಗುತ್ತದೆ ಎಂದು ನಂಬಿದ ಮನುಷ್ಯ ಅವರು. ಈಗಿನವರಿಗೆ ಆ ನಂಬಿಕೆ ಇಲ್ಲ. 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ, ಆಡಳಿತಾಧಿಕಾರಿಗಳದೇ ಕಾರುಬಾರು. ಜಿಲ್ಲಾ ಯೋಜನಾ ಸಮಿತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಚುನಾಯಿತ ಸದಸ್ಯರಿಂದಲೇ ಆರಿಸಲ್ಪಟ್ಟವರಿರಬೇಕು ಎಂದು ಸಂವಿಧಾನ ಹೇಳುತ್ತದೆ. ಜಿಲ್ಲಾ ಪಂಚಾಯಿತಿಯೇ ಇಲ್ಲದ ಮೇಲೆ ಆ ಸಮಿತಿಗೆ ಜೀವವೆಲ್ಲಿಂದ? 2021ರಲ್ಲಿ 21 ತುಂಬಿದ ಹುಡುಗಿಗೆ ಸಂವಿಧಾನ ಸ್ಪರ್ಧಿಸುವ ಹಕ್ಕು ಕೊಟ್ಟಿತು, ಸರ್ಕಾರ ಚುನಾವಣೆಯನ್ನೇ ಕೊಡಲಿಲ್ಲ.

ಯುವಕರು ಸಂಸತ್ತಿಗೆ ಹೋಗುತ್ತಿಲ್ಲವೇ ಎಂದು ಕೇಳಬಹುದು. ಹೋಗುತ್ತಿದ್ದಾರೆ. 2024ರಲ್ಲಿ ಬೀದರ್ ಮತ್ತು ಚಿಕ್ಕೋಡಿಯಿಂದ ಮೂವತ್ತರೊಳಗಿನ ಇಬ್ಬರು ಲೋಕಸಭೆಗೆ ಆರಿಸಿಹೋದರು. ಇಬ್ಬರೂ ರಾಜ್ಯದ ಸಚಿವರ ಮಕ್ಕಳು. ಅವರ ಯೋಗ್ಯತೆಯನ್ನು ನಾವು ಪ್ರಶ್ನಿಸುತ್ತಿಲ್ಲ. ‘ನೀನು ಯಾರ ಮಗ’ ಎಂಬ ಪ್ರಶ್ನೆ ದೆಹಲಿಯವರೆಗೂ ಹೋಗುತ್ತದೆ ಎಂದಷ್ಟೇ ಹೇಳುತ್ತಿದ್ದೇವೆ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಕರೆದರೂ ಅವರು ಬರುವುದಿಲ್ಲ, ಮೊಬೈಲಿನಿಂದ ತಲೆ ಎತ್ತುವುದಿಲ್ಲ. ನಿಜವೇ. ಆದರೆ ಯಾತಕ್ಕೆ ಬರಬೇಕು? 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ. 60 ನೀರು ಮತ್ತು ನೈರ್ಮಲ್ಯಕ್ಕೆಂದೇ ಮೀಸಲಾಗಿತ್ತು. ಉಳಿದದ್ದರ ಮೇಲೂ ಸದಸ್ಯರು, ಶಾಸಕರು, ಗುತ್ತಿಗೆದಾರರ ಕಣ್ಣು. ನಿರ್ಧರಿಸಲು ಏನೂ ಇಲ್ಲದ ಸಭೆಗೆ ಬಾರದಿರುವುದು ದಡ್ಡತನವಲ್ಲ. ಅದೇ ಹುಡುಗರು 2018, 2019ರ ನೆರೆಯಲ್ಲಿ ಕೊಡಗಿನಲ್ಲಿ, ಬೆಳಗಾವಿಯಲ್ಲಿ, ಕೋವಿಡ್ ಕಾಲದಲ್ಲಿ ಊರೂರಲ್ಲಿ ಯಾರೂ ಕರೆಯದೆ ಬಂದಿದ್ದರು. ಯಾರಿಗೆ ಅಕ್ಕಿ, ಯಾರಿಗೆ ಔಷಧಿ ಎಂದು ಅಂದು ಅವರೇ ತೀರ್ಮಾನಿಸಿದರು.

ನಾವು ಕೇಳುವುದು ದೊಡ್ಡದೇನಲ್ಲ. ಗ್ರಾಮಸಭೆ ಭಾನುವಾರ ಸಂಜೆ ಸೇರಲಿ. ಕಾಮಗಾರಿಯ ಪಟ್ಟಿ, ಹಿಂದಿನ ವರ್ಷದ ಖರ್ಚು ವಾರ ಮೊದಲೇ ಗೋಡೆಯ ಮೇಲೂ ಊರಿನ ವಾಟ್ಸ್ಆಪ್ ಗುಂಪಿನಲ್ಲೂ ಕನ್ನಡದಲ್ಲಿ ಬರಲಿ. ಅನುದಾನದ ಒಂದು ಪಾಲನ್ನಾದರೂ ಹೇಗೆ ಖರ್ಚು ಮಾಡಬೇಕೆಂದು ಮೂವತ್ತರೊಳಗಿನವರೇ ಮತ ಹಾಕಿ ತೀರ್ಮಾನಿಸಲಿ. ತಪ್ಪು ಮಾಡಿದರೆ ಮಾಡಲಿ, ನಾವು ಮಾಡಿಲ್ಲವೇ? ಕಾಲೇಜು ಚುನಾವಣೆ ಮರಳಿ ತರುವ ಮಾತು ಈಚೆಗೆ ಆಡಳಿತದವರ ಬಾಯಲ್ಲೇ ಕೇಳಿಬಂದಿದೆ, ಅದು ಮಾತಾಗಿಯೇ ಉಳಿಯದಿರಲಿ. ಯುವನಿಧಿಯ 3000 ರೂಪಾಯಿಯನ್ನು ನಾವು ಹಗುರವಾಗಿ ಕಾಣುವುದಿಲ್ಲ, ಕೆಲಸವಿಲ್ಲದ ಪದವೀಧರನಿಗೆ ಅದು ಆಸರೆಯೇ. ಆದರೆ ಕೈಗೆ ದುಡ್ಡಿಟ್ಟು, ಕೆಲಸ ಎಲ್ಲಿ ಹುಟ್ಟಬೇಕು ಎಂಬ ಮಾತಿನಿಂದ ಅವನನ್ನು ಹೊರಗಿಟ್ಟರೆ ಆಸರೆ ಎರಡು ವರ್ಷಕ್ಕೆ ಮುಗಿಯುತ್ತದೆ.

ಮೋರಿಯ ಬಗ್ಗೆ ಕೇಳಿದ ಆ ಹುಡುಗನನ್ನು ಮೊನ್ನೆ ವಿಚಾರಿಸಿದೆವು. ದಮ್ಮಾಮಿಗೆ ಹೋಗಿ ಒಂದು ವರ್ಷವಾಯಿತಂತೆ. ಅವನ ತಂದೆ ಈ ಸಲದ ಪಟ್ಟಿ ತೋರಿಸಿದರು. ಆರನೆಯ ಸಾಲಿನಲ್ಲಿ ಮೋರಿ ಇದೆ.