ಹುಲಿ ಬದಲಾಗದ ಆಟ

2010ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತ್ಯಕ್ಕೆ ಚುನಾವಣೆ ಬಂದಾಗ ಅಲ್ಲಿನ ಫ್ರೀಡಂ ಪಾರ್ಟಿ ಪ್ರಣಾಳಿಕೆಯ ಜೊತೆಗೆ ಒಂದು ವಿಡಿಯೊ ಗೇಮನ್ನೂ ಮತದಾರರ ಕೈಗಿಟ್ಟಿತು. ಹೆಸರು ‘ಮೊಶೆ ಬಾಬಾ’. ‘ಮಸೀದಿಗೆ ಟಾಟಾ’ ಎಂದರ್ಥ. ಪರದೆಯ ಮೇಲೆ ಮಿನಾರು, ಮಸೀದಿ, ಆಜಾನ್ ಕೂಗುವ ಗಡ್ಡದ ಮುಅಜ್ಜಿನ್‌ಗಳು ಒಂದೊಂದಾಗಿ ತಲೆಯೆತ್ತುತ್ತವೆ. 60 ಸೆಕೆಂಡಿನೊಳಗೆ ಸಿಕ್ಕಷ್ಟಕ್ಕೂ ‘ನಿಲ್ಲು’ ಫಲಕ ಬಡಿಯಬೇಕು. ಆಟ ಮುಗಿದಾಗ ತೆರೆಯ ಮೇಲೆ ಮೂಡುವ ಸಂದೇಶ: ಸ್ಟೈರಿಯಾ ಮಿನಾರು, ಮಸೀದಿಗಳಿಂದ ತುಂಬಿಹೋಗಿದೆ! ಆಗ ಆ ಪ್ರಾಂತ್ಯದಲ್ಲಿ ಒಂದೇ ಒಂದು ಮಿನಾರೂ ಇರಲಿಲ್ಲ.

ಗದ್ದಲವೆದ್ದು ಕೆಲವೇ ದಿನಗಳಲ್ಲಿ ಆಟ ಜಾಲತಾಣದಿಂದ ಇಳಿಯಿತು. ಪಕ್ಷದ ಮತ ಮಾತ್ರ ಇಳಿಯಲಿಲ್ಲ. ಹಿಂದಿನ ಸಲ ಶೇ 5ನ್ನೂ ಮುಟ್ಟದಿದ್ದದ್ದು ಈ ಬಾರಿ ಶೇ 10 ದಾಟಿತು. ಗೆಲ್ಲಿಸಿದ್ದು ಆಟವೇ ಎನ್ನಲಾಗದು; ಆದರೆ ಅದನ್ನು ಆಡಿಸಿದ್ದಕ್ಕೆ ಪಕ್ಷ ಬೆಲೆಯನ್ನೇನೂ ತೆರಲಿಲ್ಲ. ದ್ವೇಷ ಪ್ರಚೋದನೆಯ ಮೊಕದ್ದಮೆಯಲ್ಲಿ ಪಕ್ಷದ ಮುಖಂಡ ಗೆರ್ಹಾರ್ಡ್ ಕುರ್ಟ್ಸ್‌ಮನ್, ಆಟ ರೂಪಿಸಿದ ಜಾಹೀರಾತುಗಾರ ಇಬ್ಬರೂ 2011ರಲ್ಲಿ ಖುಲಾಸೆಯಾದರು.

‘ಬರೀ ಆಟ ತಾನೆ’ ಎಂಬ ಮಾತಿಗೆ ಇರುವ ಬಲ ಅಂಥದ್ದು. ಭಾಷಣದಲ್ಲಿ ಹೇಳಿದರೆ ಕೇಸು ಬೀಳುವ ಮಾತು ಆಟದ ವೇಷ ತೊಟ್ಟರೆ ನಗೆಯಾಗುತ್ತದೆ. ನಕ್ಕವನು ಪಾಲುದಾರನಾಗುತ್ತಾನೆ, ನಗದವನು ತಮಾಷೆ ತಿಳಿಯದ ಮೊದ್ದನಾಗುತ್ತಾನೆ.

2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ ಗುಂಡಿನ ದಾಳಿಗೆ 51 ಮಂದಿ ಬಲಿಯಾದರು. ಕೊಲೆಗಾರ ತಲೆಗೆ ಕ್ಯಾಮೆರಾ ಕಟ್ಟಿಕೊಂಡು, ಶೂಟಿಂಗ್ ಗೇಮಿನ ನೋಟದಲ್ಲೇ ಹತ್ಯಾಕಾಂಡವನ್ನು ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ. ಮುಂದೆ ಮಕ್ಕಳೇ ಹೆಚ್ಚಾಗಿ ಆಡುವ ಗೇಮ್ ತಾಣ ರೋಬ್ಲಾಕ್ಸ್‌ನಲ್ಲಿ ಅದೇ ದಾಳಿಯನ್ನು ಮರುಸೃಷ್ಟಿಸಿದ ಆಟಗಳು ಪತ್ತೆಯಾದವು. ಕೊಲೆ ಆಟದಂತೆ ಕಂಡಿತು, ಆಮೇಲೆ ಆಟವೇ ಆಯಿತು. ಶೂಟಿಂಗ್ ಗೇಮ್ ಆಡಿದವರೆಲ್ಲ ಬಂದೂಕು ಹಿಡಿಯುವುದಿಲ್ಲ, ನಿಜ. ಆದರೆ ಸತ್ತವರು ಪಾಯಿಂಟುಗಳಾಗಿ ಎಣಿಕೆಯಾಗುವಾಗ ಸುಮ್ಮನಿರಲು ಕಲಿತ ಸಮಾಜವನ್ನು ಆರೋಗ್ಯವಂತ ಎನ್ನುವುದು ಹೇಗೆ?

ಇದು ದೂರದೇಶದ ಕತೆಯಾಗಿಯೂ ಉಳಿದಿಲ್ಲ. 2022ರ ಹೊಸವರ್ಷದ ದಿನ ‘ಬುಲ್ಲಿ ಬಾಯಿ’ ಆ್ಯಪ್ ನೂರಕ್ಕೂ ಹೆಚ್ಚು ಮುಸ್ಲಿಂ ಮಹಿಳೆಯರ ಫೋಟೊ ಹಾಕಿ ‘ಹರಾಜು’ ಕೂಗಿತು. ಪತ್ರಕರ್ತೆಯರಿದ್ದರು, ಹೋರಾಟಗಾರ್ತಿಯರಿದ್ದರು, ಕಾಣೆಯಾದ ಮಗನಿಗಾಗಿ ವರ್ಷಗಳಿಂದ ಅಲೆಯುತ್ತಿದ್ದ ವೃದ್ಧ ತಾಯಿಯೂ ಇದ್ದರು. ಆರು ತಿಂಗಳ ಹಿಂದೆ ‘ಸುಲ್ಲಿ ಡೀಲ್ಸ್’ ಹೆಸರಿನಲ್ಲಿ ಇದೇ ಹರಾಜು ನಡೆದಾಗ ತನಿಖೆ ತೆವಳಿತ್ತು. ಎರಡನೆಯದಕ್ಕೆ ಧೈರ್ಯ ಬಂದದ್ದು ಅಲ್ಲಿಂದಲೇ. ಬಂಧಿತ ಆರೋಪಿಗಳಲ್ಲಿ ಹಲವರು ಇಪ್ಪತ್ತರ ಆಸುಪಾಸಿನವರು. ಒಬ್ಬ ಸಿಕ್ಕಿಬಿದ್ದದ್ದು ನಮ್ಮ ಬೆಂಗಳೂರಿನಲ್ಲಿ, ಎಂಜಿನಿಯರಿಂಗ್ ವಿದ್ಯಾರ್ಥಿ. ಕೋಡಿಂಗ್ ಕಲಿಸಿದೆವೆಂದು ಬೀಗುವ ನಾವು ಆ ಕೋಡು ಯಾರ ಮಾನಕ್ಕೆ ಕೈಹಾಕೀತು ಎಂದು ಕೇಳಲೇ ಇಲ್ಲ.

ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ ಧರ್ಮಗಳ ನಡುವೆ ವೈರ ಬಿತ್ತುವುದನ್ನು ಅಪರಾಧವೆನ್ನುತ್ತದೆ. ಕಲಂ ಇದ್ದರೆ ಸಾಲದು, ಮೊದಲ ದೂರಿಗೇ ಅದು ಎಚ್ಚರಗೊಳ್ಳಬೇಕು. ಗುರಿಯಾದವರ ಧರ್ಮ ಯಾವುದೆಂದು ನೋಡಿ ಪೊಲೀಸರ ವೇಗ ಬದಲಾಗಬಾರದು. ಗದ್ದಲವೆದ್ದ ಮೇಲೆ ಇಂಥ ಆಟ, ಆ್ಯಪ್‌ಗಳನ್ನು ಅಳಿಸಿ ಕೈತೊಳೆದುಕೊಳ್ಳುವ ಜಾಲತಾಣ ಕಂಪನಿಗಳು, ಅಷ್ಟು ಹೊತ್ತು ಅವು ತಮ್ಮಲ್ಲಿ ಹೇಗೆ ಉಳಿದವೆಂಬುದಕ್ಕೆ ಲೆಕ್ಕ ಕೊಡಬೇಕು.

ಉಳಿದದ್ದು ಮನೆಯ ಕೆಲಸ. ನಮ್ಮ ಹಳೆಯ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಹುಲಿ-ಕುರಿ ಆಟದ ಮನೆಗಳನ್ನು ಕೊರೆದಿರುವುದನ್ನು ಕಾಣುತ್ತೇವೆ. ಅಲ್ಲೂ ಬೇಟೆಯಿದೆ, ಸಾವಿದೆ. ಆದರೆ ಒಂದು ಸುತ್ತು ಮುಗಿದರೆ ಹುಲಿ ನಡೆಸಿದವನು ಕುರಿ ಹಿಡಿಯುತ್ತಾನೆ, ಬೇಟೆಯ ಭಯ ಅವನ ಬೆರಳಿಗೂ ತಾಕುತ್ತದೆ. ದ್ವೇಷದ ಆಟದಲ್ಲಿ ಸರದಿಯೇ ಇಲ್ಲ, ಒಂದೇ ಸಮುದಾಯ ಯಾವತ್ತೂ ಕುರಿ. ಮೊಬೈಲ್ ಹಿಡಿದು ಕಿಸಕ್ಕೆಂದು ನಗುವ ಮಗನನ್ನು ಗದರಬೇಕಿಲ್ಲ. ಪಕ್ಕದಲ್ಲಿ ಕೂತು ಕೇಳಿದರೆ ಸಾಕು: ‘ಇದರಲ್ಲಿ ನೀನು ಕುರಿಯಾಗುವ ಸರದಿ ಯಾವಾಗ?’