ಕ್ಯಾಬಿನ್ ಕಿಂಡಿಯಿಂದ: ಲೂಪ್ ತಪ್ಪಿದರೆ ಆಟ ಕೆಟ್ಟಿತು!

ಹೀರೋ ಮುಖ ಗಡಗಡ ನಡುಗಿದ ಕೂಡಲೇ ಶಿಳ್ಳೆ ಹೊಡೆದು ಆಪರೇಟರನ್ನ ಬೈಯೋದು ನಮ್ಮ ಗಾಂಧಿಕ್ಲಾಸಿನ ಹಳೇ ಚಾಳಿ. ಸ್ವಾಮಿ, ತಪ್ಪು ಯಾವಾಗಲೂ ಅವನದಲ್ಲ! ಈಗ ಥಿಯೇಟರಿಗೆ ಡಿಜಿಟಲ್ ಬಂದಿದೆ ನಿಜ. ಆದರೂ ಹಳೇ 35 ಎಂಎಂ ಯಂತ್ರ ಓಡಿಸೋ ಹುಚ್ಚರು ಇದ್ದಾರೆ, ಅವರ ಹಿಂದೆ ಅಲೆಯೋ ನನ್ನಂಥವರೂ ಇದ್ದಾರೆ.

ರೀಲು ಮೇಲಿನ ಹಲ್ಲುಚಕ್ರದಲ್ಲಿ ಒಂದೇ ಸಮನೆ ಓಡುತ್ತೆ. ಗೇಟಿನಲ್ಲಿ ಮಾತ್ರ ಸೆಕೆಂಡಿಗೆ 24 ಸಲ ನಿಂತು ನಿಂತು ಜಿಗಿಯುತ್ತೆ. ಈ ಎರಡಕ್ಕೂ ರಾಜಿ ಮಾಡಿಸೋದು ಗೇಟಿನ ಮೇಲೆ, ಕೆಳಗೆ ಸಡಿಲ ಬಿಟ್ಟ ಲೂಪ್. ಹರಿದ ತೂತೋ ದಪ್ಪ ಅಂಟೋ ಬಂತು ಅನ್ನಿ, ಲೂಪ್ ಮಾಯ! ಚಿತ್ರ ಕಲಸಿಹೋಗುತ್ತೆ, ಗೇಟು ಕಟಕಟ ಅನ್ನುತ್ತೆ. ತಕ್ಷಣ ನಿಲ್ಲಿಸಬೇಕು. ಓಡೋ ಯಂತ್ರಕ್ಕೆ ಬೆರಳು ಹಾಕೋದು ಶೌರ್ಯವಲ್ಲ, ಮೊಂಡುತನ.

ದೀಪ ಮುಚ್ಚಿ, ಗೇಟು ತೆರೆದು, ತೂತುಗಳನ್ನ ಹಲ್ಲಿಗೆ ಕೂರಿಸಿ ಲೂಪ್ ಮತ್ತೆ ಬಿಡಬೇಕು. ಅಳತೆ ಸರಿ ಇರಲಿ. ರೀಲಿನಲ್ಲಿ ಧ್ವನಿ ತನ್ನ ಚಿತ್ರಕ್ಕಿಂತ ಸುಮಾರು 20 ಫ್ರೇಮ್ ಮುಂದಿರುತ್ತೆ. ಕೆಳಗಿನ ಲೂಪ್ ಹೆಚ್ಚುಕಮ್ಮಿಯಾದರೆ ಹೀರೋಯಿನ್ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಮತ್ತೆ ಮತ್ತೆ ಲೂಪ್ ಹೋಗ್ತಿದೆಯಾ? ಗೇಟಿನಲ್ಲಿ ಕಸ ಕಟ್ಟಿದೆಯಾ, ಹಲ್ಲು ಸವೆದಿದೆಯಾ ನೋಡಿ. ಕಸ ಕೆರೆಯೋಕೆ ಚಾಕು ಬೇಡ, ಮರದ ಕಡ್ಡಿ ಸಾಕು.

ವಿನೆಗರ್ ವಾಸನೆ ಹೊಡೆಯೋ, ಕುಗ್ಗಿದ ರೀಲನ್ನಂತೂ ಯಂತ್ರಕ್ಕೆ ಹಾಕಲೇಬೇಡಿ. ತೂತಿಗೂ ಹಲ್ಲಿಗೂ ತಾಳೆಯಾಗದೆ ಚಿಂದಿಯಾಗುತ್ತೆ. ನಮ್ಮ ಮೊದಲ ಟಾಕಿ, 1934ರ 'ಸತಿ ಸುಲೋಚನಾ' ನೋಡೋಣವೆಂದರೆ ಇವತ್ತು ಒಂದು ಪ್ರಿಂಟೂ ಸಿಗೋದಿಲ್ಲ.

ಮುಂದಿನ ವಾರ ಕಾರ್ಬನ್ ಕಡ್ಡಿಯ ಕಥೆ.