ಉಪವಾಸದ ದಿನ ಓಟವೋ, ನಡಿಗೆಯೋ?

ಶಿವರಾತ್ರಿಯ ಉಪವಾಸವಿದ್ದು ಕೋಲಾರದ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತುವವರುಂಟು. ಶನಿವಾರ ಒಪ್ಪೊತ್ತು ಇದ್ದು ಮಾಲೂರು ತಾಲ್ಲೂಕಿನ ಚಿಕ್ಕತಿರುಪತಿಗೆ ಹೋಗುವವರುಂಟು. ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ರಂಜಾನ್ ತಿಂಗಳಿಡೀ ರೋಜಾ ಇದ್ದೇ ತರಗತಿಗೆ ಹೋಗುವ ವಿದ್ಯಾರ್ಥಿಗಳಿದ್ದಾರೆ. ಇವರಲ್ಲಿ ಪೊಲೀಸ್ ನೌಕರಿಗೆಂದು 1600 ಮೀಟರ್ ಓಟ ಅಭ್ಯಾಸ ಮಾಡುವ ಹುಡುಗ ಉಪವಾಸದ ದಿನ ಏನು ಮಾಡಬೇಕು?

ಹೊತ್ತು ನೋಡಿ ಓಡಬೇಕು. ರಾತ್ರಿ ಊಟವಾಗಿ ಹತ್ತು ಹನ್ನೆರಡು ಗಂಟೆ ಕಳೆದರೆ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಇಳಿಯುತ್ತಾ ಬಂದಿರುತ್ತದೆ. ದೇಹ ಹೆಚ್ಚಾಗಿ ಕೊಬ್ಬನ್ನು ಬಳಸತೊಡಗುತ್ತದೆ. ನಡಿಗೆಗೆ, ಹಗುರವಾದ ಯೋಗಾಸನಕ್ಕೆ ಅದು ಸಾಕು. ವೇಗದ ಓಟಕ್ಕೆ ಸಾಲದು, ಬೇಗ ಸುಸ್ತಾಗುತ್ತದೆ.

ನೀರು ಕುಡಿಯುವ ಉಪವಾಸವಾದರೆ ಮುಂಜಾನೆಯ ತಂಪಿನಲ್ಲಿ ನಡೆಯಬಹುದು. ನೀರೂ ಇಲ್ಲದ ರೋಜಾದಲ್ಲಿ ಇಫ್ತಾರಿಗೆ ಅರ್ಧ ಗಂಟೆ ಮುಂಚೆ ನಡಿಗೆ. ಓಟವೇನಿದ್ದರೂ ಇಫ್ತಾರ್ ಆಗಿ ಒಂದೆರಡು ಗಂಟೆಯ ಮೇಲೆ. ಉಪವಾಸ ಬಿಡುವಾಗ ಮೊದಲು ನೀರು, ಖರ್ಜೂರ ಇಲ್ಲವೆ ಬಾಳೆಹಣ್ಣು; ಆಮೇಲೆ ರಾಗಿಮುದ್ದೆ, ಕಾಳಿನ ಸಾರು.

ತಲೆಸುತ್ತು, ಕೈನಡುಕ, ತಣ್ಣನೆಯ ಬೆವರು ಕಂಡರೆ ಕೂಡಲೇ ನಿಲ್ಲಿಸಿ ನೆರಳಿನಲ್ಲಿ ಕೂರಿಸಿ. ಎಚ್ಚರವಿದ್ದರೆ ಸಕ್ಕರೆ ನೀರು ಕುಡಿಸಿ. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಇನ್ಸುಲಿನ್ ಪಡೆಯುವ ಮಕ್ಕಳು ವೈದ್ಯರನ್ನು ಕೇಳದೆ ಉಪವಾಸ ಮಾಡಕೂಡದು. ತೆಳ್ಳಗಾಗಲೆಂದು ದಿನವೂ ಹದಿನಾರು ಗಂಟೆ ಹಸಿದಿರುವ ಈಗಿನ ರೂಢಿ ಬೆಳೆಯುವ ಮಕ್ಕಳಿಗೆ ಹೇಳಿದ್ದಲ್ಲ.

ತಂದೆತಾಯಂದಿರಿಗೆ ಒಂದು ಮಾತು: ಉಪವಾಸದ ದಿನ ಮಗ ಓಟ ಬಿಟ್ಟನೆಂದು ಗದರಬೇಡಿ. ನಾಲ್ಕು ದಿನ ಓಟ ತಗ್ಗಿದರೆ ನೌಕರಿ ತಪ್ಪುವುದಿಲ್ಲ. ಹುಡುಗ ಮೈದಾನದಲ್ಲಿ ಕುಸಿದರೆ ವ್ರತವೂ ಇಲ್ಲ, ಓಟವೂ ಇಲ್ಲ.